ನಾನು ನಡೆಯದ ಎರಡು ಸುತ್ತು

ಮಾರ್ಚ್ ೧೪, ಗುರುವಾರ

ಕಳೆದ ತಿಂಗಳ ಒಂಬತ್ತರಂದು, ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದ ಮರುದಿನ, ಆಸ್ಪತ್ರೆಯವರು ನನ್ನ ಬಗ್ಗೆ ಸುಳ್ಳು ಬರೆದಿದ್ದಾರೆ. ಫೈಲಿನ ನಕಲು ಇಂದು ಕೈಗೆ ಬಂತು: 'ಬೆಳಗ್ಗೆ ಆರು ಗಂಟೆ. ಆಸರೆಯಿಲ್ಲದೆ ಕಾರಿಡಾರಿನಲ್ಲಿ ಎರಡು ಸುತ್ತು.' ಆಗ ನಾನು ಸ್ಕ್ಯಾನಿಂಗ್ ಕೋಣೆಯ ಹೊರಗೆ ಸ್ಟ್ರೆಚರ್ ಮೇಲಿದ್ದೆ. ಗೋಡೆ ಗಡಿಯಾರದಲ್ಲಿ ಆರೂ ಐದು ನೋಡಿದ್ದು ಚೆನ್ನಾಗಿ ನೆನಪಿದೆ.

ಈ ಸಾಲನ್ನೇ ಹಿಡಿದು ಆಸ್ಪತ್ರೆಯವರು, ಮನೆಗೆ ಬಂದು ನಡಿಗೆಯ ಅಭ್ಯಾಸ ಮಾಡಿಸುವ ಫಿಸಿಯೋಥೆರಪಿಸ್ಟ್ ನನಗೆ ಬೇಕಿಲ್ಲ ಎಂದಿದ್ದಾರೆ. ಹದಿನಾಲ್ಕು ಕೆಜಿ ಇಳಿದಿದೆ, ನಿಜ. ಆದರೆ ಬಚ್ಚಲಿಗೆ ಹೋಗಲು ವಾಕರ್ ಬೇಕು, ನಡುವೆ ಕೂರಲು ಕುರ್ಚಿ ಬೇಕು.

ವಾರ್ಡಿಗೆ ಫೋನ್ ಮಾಡಿದರೆ ನರ್ಸ್ ಅಂದರು: "ಪಾಳಿ ಮುಗಿಯೋ ಮುಂಚೆ ಎಲ್ಲಾ ಬೆಡ್ಡಿನ ಹಾಳೇನೂ ಒಟ್ಟಿಗೆ ತುಂಬಿಬಿಡ್ತೀವಿ ಮೇಡಂ. ಎಲ್ಲರೂ ನಡೆದೇ ನಡೀತಾರಲ್ಲ."

ಅಕ್ಕ ನಕ್ಕಳು. "ನಿನ್ನ ದೆವ್ವ ನಡೆದಿರಬೇಕು ಕಣೇ. ಬಿಟ್ಟಾಕು."

ಬಿಡಲಾರೆ. ಇದು ಬರೀ ಸೋಮಾರಿತನವೋ, ಮನೆಗೆ ಜನ ಕಳಿಸುವುದನ್ನು ತಪ್ಪಿಸುವ ಉಪಾಯವೋ? ಎದುರಿನ ಬೆಡ್ಡಿನ ಟೈಲರಮ್ಮ ಕಾಲೂರಲಾರದೆ ಅಳುತ್ತಿದ್ದರು. ಅವರನ್ನೂ ಕಾಗದದ ಮೇಲೆ ನಡೆಸಿದರೇ? ಆ ಬೆಳಗ್ಗೆ ನಿಜಕ್ಕೂ ನಡೆದವರೆಷ್ಟು ಮಂದಿ, ನಡೆಯದವರ ಹಾಳೆಗೆ ಸಹಿ ಹಾಕಿದವರು ಯಾರು ಎಂಬುದನ್ನು ಆಸ್ಪತ್ರೆ ತನ್ನ ಬಾಗಿಲಿನ ಫಲಕದಲ್ಲಿ, ಬರುವವರೆಲ್ಲ ಓದುವಂತೆ, ಬರೆದು ಹಾಕಲಿ.