ಕುಡಿಯದೆ ಕೆಳಗಿಟ್ಟ ಕಾಫಿ

ಕರಕ್,
ಗುರುವಾರ, ನವೆಂಬರ್ ೧೪

ಪ್ರೀತಿಯ ತಂಗಿ ಅಬ್ಲಾಳಿಗೆ ಅಕ್ಕ ತಗ್ರೀದಳ ಸಲಾಮುಗಳು.

ಹೇಗಿದ್ದೀಯ? ಓಸ್ಲೋದ ಚಳಿಗೆ ಮತ್ತೆ ಕೆಮ್ಮು ಶುರುವಾಯಿತಂತೆ. ಕೊರಳಿಗೆ ಉಣ್ಣೆಬಟ್ಟೆ ಸುತ್ತಿಕೋ, ಶೋಕಿ ಆಮೇಲೆ ಮಾಡುವೆಯಂತೆ. ಅಪ್ಪನ ಮಂಡಿನೋವು ಎಷ್ಟೋ ವಾಸಿ. ರಸ್ಮಿಯಾ ಅತ್ತೆ ಗಂಟುಮೂಟೆ ಸಮೇತ ನಮ್ಮಲ್ಲಿಗೇ ಬಂದು ನೆಲೆಸಿದ್ದಾರೆ. ಅಡುಗೆಮನೆ, ಅಪ್ಪನ ಮಾತ್ರೆ, ನೆರೆಯವರ ಜಗಳ ಎಲ್ಲವೂ ಈಗ ಅವರ ಕೈಯಲ್ಲೇ.

ನಿನ್ನ ಲೇಖನ ತಲುಪಿತು. ಹೊರದೇಶದ ನೆರವಿನ ಗೋಧಿ ಬಂದಾಗಲೆಲ್ಲ ಸರ್ಕಾರ ತಾನು ಜನರಿಗೆ ಕೊಡುವ ನೆರವಿನಲ್ಲಿ ಕೈ ಬಿಗಿ ಮಾಡುತ್ತದೆ ಎಂದು ಎಷ್ಟು ಚೆಂದ ಬರೆದಿದ್ದೀಯ! ಅಪ್ಪ ಅದನ್ನು ರೊಟ್ಟಿ ಅಂಗಡಿಗೆ, ಕ್ಷೌರದಂಗಡಿಗೆ ಹೊತ್ತುಕೊಂಡು ತಿರುಗಿದ್ದೇ ತಿರುಗಿದ್ದು. ಆ ಲೇಖನಕ್ಕಾಗಿ ಮನೆಮನೆ ಅಲೆದು, ಸಕ್ಕರೆ ಸುರಿದ ಚಹಾ ಕುಡಿದು ಹೊಟ್ಟೆ ಕೆಡಿಸಿಕೊಂಡು, ಇಲ್ಲಿನ ಹೆಂಗಸರ ಬಾಯಿಂದ ಮಾತು ಹೊರಡಿಸಿದವಳು ನಾನು. ಆದರೆ ನನ್ನ ಹೆಸರು ಕೊನೆಯ ಪುಟದ ಅಡಿಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ಭೂತಕನ್ನಡಿ ಹಿಡಿದು ಹುಡುಕಬೇಕು. ಅತ್ತೆಯಂತೂ, "ನಮ್ಮ ಅಬ್ಲಾ ಹಿಟ್ಟಿನ ಬಗ್ಗೆ ಬರೀತಾಳೆ, ನೀನು ಹಿಟ್ಟು ಕಲಸ್ತೀಯ. ಇಬ್ರೂ ಒಂದೇ ಕೆಲ್ಸದಲ್ಲಿದ್ದೀರಲ್ಲೇ!" ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಉರಿದುಹೋಯಿತು. ಹೌದು ಕಣೇ, ಹೊಟ್ಟೆಕಿಚ್ಚೇ, ಮುಚ್ಚಿಟ್ಟು ಏನಾಗಬೇಕು? ಒಂದೇ ವಿಶ್ವವಿದ್ಯಾಲಯ, ಒಂದೇ ವಿಷಯ, ಅಂಕ ನನಗೇ ಜಾಸ್ತಿ. ನೀನು ಹೋದೆ, ನಾನು ಉಳಿದೆ. ಕೇಳಿದಾಗಲೆಲ್ಲ ಅಪ್ಪನದು ಒಂದೇ ಮಾತು: "ಒಬ್ಬಳನ್ನ ಕಳ್ಸಿದ್ದು ಸಾಕು."

ನಿನ್ನ ಪ್ರೊಫೆಸರ್ ರಾಗ್ನಿಲ್ಡ್ ಈ ವಾರವೆಲ್ಲ ನನ್ನ ಜೊತೆ ಸುತ್ತಿದರು, ನಾನೇ ಅವರ ದುಭಾಷಿ. ಒಳ್ಳೆಯ ಹೆಂಗಸು. ನಿಮ್ಮಲ್ಲಿ ಎರಡು ವರ್ಷದ ಸಂಶೋಧಕಿಯ ಹುದ್ದೆಯೊಂದು ಖಾಲಿಯಿದೆಯಂತೆ. ಕಾರಿನಲ್ಲಿ ಅವರೇ ಹೇಳಿದರು: "ನಿನ್ನಂಥವಳೇ ಬೇಕಿತ್ತು. ಆದರೆ ನೀನು ಅಪ್ಪನನ್ನ ಬಿಟ್ಟು ಬರೋದೇ ಇಲ್ಲ ಅಂತ ಅಬ್ಲಾ ಹೇಳಿದ್ಲು." ಅಬ್ಲಾ ಹೇಳಿದಳಂತೆ! ನನ್ನನ್ನು ಯಾವತ್ತು ಕೇಳಿದ್ದೆ ನೀನು? ಮೈಯೆಲ್ಲ ಬೆಂಕಿಯಾಯಿತು. ಕಿಟಕಿಯಾಚೆ ಮುಖ ತಿರುಗಿಸಿ ಕೂತೆ. ಅವರು ನನಗೆ ತಲೆ ಸುತ್ತುತ್ತಿದೆ ಎಂದುಕೊಂಡು ಕಿತ್ತಳೆ ಸುಲಿದುಕೊಟ್ಟರು.

ನಿನ್ನೆ ಅವರನ್ನು ಮನೆಗೆ ಊಟಕ್ಕೆ ಕರೆದಿದ್ದೆವು. ಸರ್ಕಾರ ರೊಟ್ಟಿಯ ಸಹಾಯಧನ ನಿಲ್ಲಿಸಿದ ಕಾಲದ ಬಗ್ಗೆ ಅಪ್ಪನನ್ನು ಕೇಳಬೇಕೆಂಬ ಆಸೆ ಅವರಿಗೆ. ಅಪ್ಪ ತಾವೇ ಎದ್ದು ಏಲಕ್ಕಿ ಕಾಫಿ ಬಗ್ಗಿಸಿ ಬಟ್ಟಲು ಕೈಗಿಟ್ಟರು. ಪ್ರೊಫೆಸರ್ ಒಂದು ಗುಟುಕೂ ಕುಡಿಯದೆ ಬಟ್ಟಲನ್ನು ಕೆಳಗಿಟ್ಟರು ನೋಡು! ಬ್ಯಾಗಿನಿಂದ ರೆಕಾರ್ಡರ್ ತೆಗೆಯಲು ಅಷ್ಟೇ. ಆದರೆ ನಮ್ಮಲ್ಲಿ ಹೆಣ್ಣು ಕೇಳಲು ಬಂದವರು, ರಾಜಿಗೆ ಬಂದವರು, ದೊಡ್ಡದೊಂದು ಬೇಡಿಕೆ ಇಟ್ಟುಕೊಂಡು ಬಂದವರು ಮಾತ್ರ ಹಾಗೆ ಇಡುತ್ತಾರೆ, ಮನೆಯವರು ಒಪ್ಪುವತನಕ ಮುಟ್ಟುವುದಿಲ್ಲ. ಓಸ್ಲೋದಲ್ಲಿ ಲೋಟಗಟ್ಟಲೆ ಕಾಫಿ ಕುಡಿಯುವ ನಿನಗೆ ಇದೆಲ್ಲ ಮರೆತೇ ಹೋಗಿರಬೇಕು. ಅಪ್ಪನ ಬೆನ್ನು ನೆಟ್ಟಗಾಯಿತು. ಅತ್ತೆ ಬಾಯಿಗೆ ತಲೆವಸ್ತ್ರದ ಅಂಚು ಹಿಡಿದರು. "ಕಾಫಿ ಕುಡಿಯಮ್ಮ, ನೀನು ಬಂದ ಕೆಲ್ಸ ಆಯ್ತು ಅಂತ್ಲೇ ತಿಳ್ಕೋ. ಏನು ಬೇಕು ಹೇಳು," ಎಂದರು ಅಪ್ಪ.

ಪ್ರೊಫೆಸರ್ ಹೇಳಿದರು, ನಾನು ಅಪ್ಪನಿಗೆ ತಿಳಿಸಿದೆ: ತಗ್ರೀದಳನ್ನು ಎರಡು ವರ್ಷದ ಕೆಲಸಕ್ಕೆ ಓಸ್ಲೋಗೆ ಕಳಿಸಿಕೊಡಬೇಕಂತೆ. ಅಪ್ಪ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು ಕಣೇ. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ಕೊಟ್ಟೆ," ಎಂದರು. ಪ್ರೊಫೆಸರ್ ನಗುತ್ತ ಕಾಫಿ ಕುಡಿದರು. ಇವತ್ತು ಬೆಳಿಗ್ಗೆ ಅಪ್ಪ ನನಗೊಂದು ದಪ್ಪ ಕೋಟು ನೋಡಲು ಪೇಟೆಗೆ ಹೋಗಿದ್ದಾರೆ.

ನಿನಗೆ ಒಣ ಮೊಸರಿನ ಉಂಡೆ, ರೊಟ್ಟಿಗೆ ಹಚ್ಚಿಕೊಳ್ಳಲು ಅತ್ತೆ ಕುಟ್ಟಿದ ಝಾತರ್ ಪುಡಿ ಕಳಿಸಿದ್ದೇನೆ. ಅಪ್ಪನ ದುವಾ, ಅತ್ತೆಯ ಮುತ್ತು ನಿನ್ನ ಹಣೆಗೆ. ಕೆಮ್ಮು ಬೇಗ ಬಿಡಲಿ.

ನಿನ್ನ ಮೇಲೆ ಸಿಟ್ಟಿರುವ, ಆದರೂ ನಿನ್ನದೇ ಆದ
ಅಕ್ಕ, ತಗ್ರೀದ್

ಮ.ಸೂ.: ಪ್ರೊಫೆಸರ್ ಹೊರಡುವ ಕಾರು ಬಾಗಿಲಲ್ಲಿ ಹಾರನ್ ಹೊಡೆಯುತ್ತಿದೆ, ಬೇಗ ಬೇಗ ಗೀಚುತ್ತಿದ್ದೇನೆ. ಪ್ರೊಫೆಸರ್ ಕೇಳಿದ್ದು, "ರೊಟ್ಟಿಯ ಬೆಲೆ ಏರಿದಾಗ ಮನೆಯಲ್ಲಿ ಯಾರ ಊಟ ಕಮ್ಮಿಯಾಯ್ತು?" ಎಂದಷ್ಟೇ. ಉಳಿದದ್ದೆಲ್ಲ, ಅಪ್ಪನ ಉತ್ತರವೆಂದು ಅವರಿಗೆ ಹೇಳಿದ್ದೂ ಸೇರಿ, ನನ್ನದು. ಈ ಪತ್ರ ತಂದುಕೊಟ್ಟ ಅವರಿಗೆ ತಾವೇನು ಕೇಳಿದಂತಾಯಿತು, ಅಪ್ಪ ಏನು ಕೊಟ್ಟರು, ಎರಡೂ ಗೊತ್ತಿಲ್ಲ. ಅಕ್ಕ ಬರೋದಿಲ್ಲ ಎಂದು ಹೇಳಿದವಳು ನೀನು, ಬರುತ್ತಾಳೆ ಎಂದು ಹೇಳಬೇಕಾದವಳೂ ನೀನೇ. ಅವರು ನಿನ್ನ ಎದುರಿಗೇ ನಿಂತಿದ್ದಾರಲ್ಲ, ಈಗಲೇ ಹೇಳು.