ಕೋಣ ತೂಗುವುದನ್ನು ನಿಲ್ಲಿಸಿದ್ದು

ಅಕ್ಟೋಬರ್ 9, ಗುರುವಾರ. ಬೆಳಗ್ಗೆ

ಮತ್ತೆ ಅದೇ ಕಥೆ. ನಿನ್ನೆ ಸಂಜೆಯೂ ಪುಟ್ಟಿಯನ್ನು ಹಿಂದೆ ಅವಳ ಪುಟ್ಟ ಸೀಟಿಗೆ ಬಿಗಿದು, ಮೇಷ್ಟ್ರು ಸ್ಟೇರಿಂಗ್ ಹಿಡಿದು, ನಾನು ಅವಳ ಪಕ್ಕ ಕುಳಿತು, ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು. ನಮ್ಮ ಹಳೇ ಗಾಡಿ ಕೋಣ ಎಡಕ್ಕೆ ವಾಲಿದರೆ ಅವಳ ತಲೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಗಾಡಿಯಲ್ಲ, ತೊಟ್ಟಿಲು. ಎರಡು ತಿರುವು ದಾಟುವಷ್ಟರಲ್ಲಿ ನಿದ್ದೆ. ಮನೆಗೆ ಬಂದು ಸೀಟಿನ ಸಮೇತ ಎತ್ತಿ ಒಳಗಿಟ್ಟೆವು, ಬಾಂಬ್ ಹೊತ್ತವರ ಹಾಗೆ ಉಸಿರು ಬಿಗಿಹಿಡಿದು.

ಊಟದ ಹೊತ್ತಿಗೆ ಎದ್ದಳು. ಆಮೇಲೆ ಬೆಳಗಿನವರೆಗೂ ಆಟ. ಗಂಡ ಅನ್ನಿಸಿಕೊಂಡ ಮೇಷ್ಟ್ರು ನಡುನಡುವೆ ತಲೆಯೆತ್ತಿ "ನಾನು ಎತ್ಕೊಳ್ಲಾ?" ಎನ್ನುತ್ತಾರೆ. ಉತ್ತರ ಕೊಡುವುದರೊಳಗೆ ಗೊರಕೆ.

ಏಳು ತಿಂಗಳಿಂದ ಹೀಗೇ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಎದ್ದು ಹೋಗಿ ಮೂಗಿನ ಬಳಿ ಬೆರಳಿಟ್ಟು ಉಸಿರಿದೆಯಾ ನೋಡುವುದು. ನೋಡಿಬಂದು ಮಲಗಿದ ಮೇಲೆ, ಸರಿಯಾಗಿ ನೋಡಿದೆನಾ ಅಂತ ಮತ್ತೆ ಏಳುವುದು. ಅತ್ತೆ ನಿನ್ನೆ ಹೇಳಿಯೇಬಿಟ್ಟರು: "ಉಸಿರಾಡೋದು ಮಗು ಕೆಲಸ ಕಣೇ. ಅದನ್ನೂ ನೀನೇ ಮಾಡಕ್ಕೆ ಹೋಗ್ಬೇಡ."

ನವೆಂಬರ್ 3ಕ್ಕೆ ನೀರು ಪರೀಕ್ಷೆಯ ಲ್ಯಾಬಿಗೆ ವಾಪಸ್. ರಜೆ ಇನ್ನು ಮುಂದುವರಿಸುವುದಿಲ್ಲ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದ್ದಾರೆ. ಲ್ಯಾಬ್ ಗುಡ್ಡದ ಕೆಳಗೆ, ಡೇಕೇರ್ ಅದರ ಪಕ್ಕದಲ್ಲೇ. ಮೇಷ್ಟ್ರ ಶಾಲೆ ಗುಡ್ಡದ ಆಚೆ ಬದಿ. ಅಂದರೆ ಪುಟ್ಟಿಯನ್ನು ಕೂರಿಸಿಕೊಂಡು ಕೋಣನನ್ನು ನಾನೇ ಓಡಿಸಬೇಕು.

ನಾನು. ಆ ಗಾಡಿಯನ್ನು. ಆ ರಸ್ತೆಯಲ್ಲಿ...

ಅಕ್ಟೋಬರ್ 11, ಶನಿವಾರ

ಆ ದಿನದ್ದನ್ನು ಬರೆದು ಮುಗಿಸಿಬಿಡುತ್ತೇನೆ, ತಲೆಯೊಳಗೆ ಸುತ್ತುವುದಾದರೂ ನಿಲ್ಲಲಿ.

ಕಳೆದ ತಿಂಗಳು. ಲಸಿಕೆ ಹಾಕಿಸಿಕೊಂಡು ಬರುತ್ತಿದ್ದೆವು, ನಾನು ಮತ್ತು ಪುಟ್ಟಿ. ಏರಿನಲ್ಲಿ ಮುಂದೊಂದು ಲಾರಿ. ರಸ್ತೆ ನೇರ ಇದೆ, ಎದುರಿಗೆ ಯಾರೂ ಇಲ್ಲ ಅಂತ ನೋಡಿಯೇ ಓವರ್‌ಟೇಕ್ ಮಾಡಲು ಹೊರಟೆ. ಲಾರಿಯ ಪಕ್ಕಕ್ಕೆ ಬಂದಮೇಲೆ ಕೋಣನಿಗೆ ದಮ್ಮೇ ಇಲ್ಲ. ಪೆಡಲ್ ನೆಲಕ್ಕೆ ಒತ್ತಿದ್ದೇನೆ, ಇಂಜಿನ್ ಬೊಬ್ಬೆ ಹೊಡೆಯುತ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಬ್ರೇಕ್ ಒತ್ತಿ ಲಾರಿಯ ಹಿಂದಕ್ಕೆ ನುಗ್ಗಿಸಿದೆ. ಗಾಡಿ ಹೇಗೆ ವಾಲಿತೆಂದರೆ, ಹಾಲಿನ ಬಾಟಲಿ ಈ ಬಾಗಿಲಿನಿಂದ ಆ ಬಾಗಿಲಿಗೆ ಉರುಳಿ ಮತ್ತೆ ಈ ಬಾಗಿಲಿಗೆ ಬಂತು. ಏನೂ ಆಗಲಿಲ್ಲ. ಪುಟ್ಟಿಗೆ ಎಚ್ಚರವೂ ಆಗಲಿಲ್ಲ. ಮನೆಗೆ ಬಂದು ಕೀಲಿ ಮೊಳೆಗೆ ಹಾಕಿದವಳು ಇನ್ನೂ ಮುಟ್ಟಿಲ್ಲ.

ಇವತ್ತು ಮೈದುನ ಬಂದಿದ್ದ. ಹೆಸರಿಟ್ಟು ಕರೆಯುವವರು ಯಾರೂ ಇಲ್ಲ ಅವನನ್ನು. ಗ್ಯಾರೇಜ್ ತೆರೆದ ದಿನದಿಂದ ಮನೆಮಂದಿಗೆಲ್ಲ ಪಿಸ್ಟನ್.

"ಅತ್ತಿಗೆ, ತಪ್ಪು ನಿಮ್ಮದಲ್ಲ. ಕುಲುಕಾಟ ತಡೆಯೋ ಶಾಕ್ಸ್ ಅಪ್ಪ ಗಾಡಿ ತಗೊಂಡಾಗಿನವು, ಸತ್ತು ಯಾವ ಕಾಲವಾಯ್ತೋ. ಇಂಜಿನ್‌ಗೆ ಉಸಿರಾಡಕ್ಕೇ ಆಗ್ತಿಲ್ಲ. ನನ್ನ ಕೈಗೆ ಕೊಡಿ. ಜಿಂಕೆ ಮಾಡಿ ಕೊಡ್ತೀನಿ."

"ಕೋಣನ್ನ ಜಿಂಕೆ ಮಾಡ್ತಾನಂತೆ," ಎಂದರು ಅತ್ತೆ. "ಮೊದಲು ನಿನ್ನ ಬೈಕ್‌ಗೆ ಕನ್ನಡಿ ಹಾಕ್ಸೋ."

"ಅಮ್ಮಾ, ಹಿಂದೆ ಯಾರೂ ಹತ್ರ ಬರಕ್ಕೆ ಆಗಲ್ಲ ಅಂದ್ಮೇಲೆ ಕನ್ನಡಿ ಯಾಕೆ?"

ಕೀಲಿಯನ್ನು ಮೊಳೆಯಿಂದ ತೆಗೆದು ನಾನೇ ಅವನ ಕೈಗಿಟ್ಟೆ. ಒಂದೇ ಮಾತು ಹೇಳಿದೆ: ವಾಲಬಾರದು.

ಅಕ್ಟೋಬರ್ 15, ಬುಧವಾರ

ಶನಿವಾರದವರೆಗೆ ಸಂಜೆಯ ಸುತ್ತಿಗೆ ಪಿಸ್ಟನ್ ಯಾರದೋ ಹಳೇ ವ್ಯಾನ್ ಕೊಟ್ಟಿದ್ದಾನೆ, ಅದೂ ಕೋಣನ ಹಾಗೇ ವಾಲುತ್ತದೆ. ಆದರೂ ಕೋಣನನ್ನು ನೋಡದೆ ಸಮಾಧಾನವಾಗಲಿಲ್ಲ. ಪುಟ್ಟಿಯನ್ನು ಸೊಂಟಕ್ಕೇರಿಸಿ ಗ್ಯಾರೇಜಿಗೆ ಹೋದೆ. ಕೋಣ ಲಿಫ್ಟಿನ ಮೇಲೆ, ನಾಲ್ಕು ಚಕ್ರವೂ ಇಲ್ಲದೆ ನೇತಾಡುತ್ತಿತ್ತು. ಹೊಟ್ಟೆ ಎಲ್ಲ ಕಾಣಿಸುತ್ತದೆ. ನನ್ನ ಡೆಲಿವರಿಯ ದಿನ ನೆನಪಾಗಿ ನಗು ಬಂತು — ನಾವಿಬ್ಬರೂ ಒಂದೇ ಜಾತಿ.

ಪಿಸ್ಟನ್ ಟಾರ್ಚ್ ಬಿಟ್ಟು ಬಿಟ್ಟು ತೋರಿಸಿದ. ಹೊಸ ಶಾಕ್ಸ್, ಗಟ್ಟಿ ಸ್ಪ್ರಿಂಗ್. ಮುಂದೆ, ಇಂಜಿನ್ನಿಗೆ ಹೋಗುವ ಗಾಳಿಯನ್ನು ತಂಪು ಮಾಡುವ ದೊಡ್ಡ ಜಾಲರಿ. ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ. ಬ್ರೇಕೂ ದೊಡ್ಡದು, "ಓಡೋದು ಕಲಿಸಿದ್ಮೇಲೆ ನಿಲ್ಲೋದೂ ಕಲಿಸ್ಬೇಕಲ್ವಾ." ಆಮೇಲೆ ಈ ಚಕ್ರದಿಂದ ಆ ಚಕ್ರಕ್ಕೆ ಅಡ್ಡಲಾಗಿ ದಪ್ಪನೆಯ ಉಕ್ಕಿನ ಕಂಬಿ.

"ಇದೇನು ಮಾಡುತ್ತೆ?"

"ರಶ್ ಬಸ್ಸಲ್ಲಿ ನಿಂತಿರೋ ಇಬ್ರು ಒಬ್ಬರ ತೋಳು ಒಬ್ಬರು ಹಿಡ್ಕೊಂಡ್ರೆ ಬೀಳಲ್ಲ ನೋಡಿ, ಹಾಗೆ. ತಿರುವಲ್ಲಿ ಈ ಕಡೆ ಚಕ್ರ ಎದ್ದೇಳ್ತೀನಿ ಅಂದ್ರೆ, ಆ ಕಡೆಯವನು 'ಕೂತ್ಕೊಳ್ಳಯ್ಯ' ಅಂತಾನೆ."

ವಿವರಿಸುವಾಗ ಪುಟ್ಟಿ ಅವನ ಗಲ್ಲದ ಗ್ರೀಸ್ ಕೆರೆದು ಬಾಯಿಗಿಟ್ಟುಕೊಂಡಳು. ನಾನು ಕಿರುಚಿದೆ. ಪಿಸ್ಟನ್ ಹೇಳುತ್ತಾನೆ, ಒಳ್ಳೆ ಕಂಪನಿದು ಅತ್ತಿಗೆ ಅಂತ. ಬಾಯಿ ಮೂರು ಸಲ ತೊಳೆಸಿದೆ. ಡಾಕ್ಟರಿಗೆ ಫೋನ್ ಮಾಡಿದೆ. ಏನೂ ಆಗುವುದಿಲ್ಲವಂತೆ. ಡಾಕ್ಟರ ದನಿಯಲ್ಲಿ "ಮತ್ತೆ ನೀವಾ" ಇತ್ತು.

ಅಕ್ಟೋಬರ್ 18, ಶನಿವಾರ. ಸಂಜೆ

ಬಂತು! ನೋಡಲು ಅದೇ ಕೋಣ, ಟೈರ್ ಮಾತ್ರ ಅಗಲ. ಮೇಷ್ಟ್ರು ಓಡಿಸಿದರು, ಪಿಸ್ಟನ್ ಮುಂದೆ, ನಾನು ಪುಟ್ಟಿ ಹಿಂದೆ. ಬೇಕೆಂದೇ ಹಾಲಿನ ಬಾಟಲಿಯನ್ನು ಕಾಲ ಬಳಿ ನಿಲ್ಲಿಸಿದೆ. ಮೊದಲ ತಿರುವು — ಬಾಟಲಿ ಕದಲಲಿಲ್ಲ. ಎರಡನೆಯದು — ಊಹೂಂ. ಗಾಡಿ ರಸ್ತೆಗೆ ಅಂಟಿಕೊಂಡು ತಿರುಗುತ್ತದೆ. ಏರಿನಲ್ಲಿ ಮೇಷ್ಟ್ರು ಒಂಚೂರು ಒತ್ತಿದರು. ಬೆನ್ನಿಗೆ ಯಾರೋ ಕೈಕೊಟ್ಟು ತಳ್ಳಿದ ಹಾಗಾಯಿತು.

"ಪಿಕಪ್ ಅಂದ್ರೆ ಇದಪ್ಪಾ," ಎಂದರು ಮೇಷ್ಟ್ರು. ತ್ರಿಕೋನ, ವೃತ್ತ ಬಿಟ್ಟು ಬೇರೆ ಯಾವುದಕ್ಕೂ ಈ ಮುಖ ಇಷ್ಟು ಅರಳಿದ್ದು ನೋಡಿಲ್ಲ.

ನನಗೂ ಎಷ್ಟು ಖುಷಿ! ಆಗ ಪಕ್ಕಕ್ಕೆ ತಿರುಗಿ ನೋಡಿದೆ.

ಪುಟ್ಟಿ ಎಚ್ಚರ. ಎರಡು ಕಣ್ಣೂ ಹೆಡ್‌ಲೈಟು. ಕೆಳಗೆ ಹೋಗಿ, ಮೇಲೆ ಬಂದು, ಮತ್ತೆ ಹೋಗಿ ಬಂದರೂ ರೆಪ್ಪೆ ಬಡಿಯಲಿಲ್ಲ. ಮನೆ ಬಂದಾಗ ರಂಪ ಶುರು.

ವಾಲಬಾರದು ಅಂದವಳು ನಾನೇ. ತೊಟ್ಟಿಲನ್ನು ಕೈಯಾರೆ ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದೇನೆ.

ಅಕ್ಟೋಬರ್ 19, ಭಾನುವಾರ

ಇವತ್ತೂ ಸುತ್ತಾಡಿಸಿದೆವು. ಇವತ್ತೂ ಇಲ್ಲ. ಸಂಜೆಯ ಆ ಒಂದು ನಿದ್ದೆಯೂ ಹೋದರೆ ನನ್ನ ಗತಿ? ಮಗು ಹಿಂದೆ ಅರಚಿಕೊಳ್ಳುತ್ತಿದ್ದರೆ ನಾನು ಮುಂದೆ ಕುಳಿತು ಆ ಏರು ಹತ್ತಿಸುತ್ತೇನಾ? ಆಗದ ಮಾತು. ಪಿಸ್ಟನ್‌ಗೆ ಫೋನ್ ಮಾಡಿದೆ.

"ಹಳೇ ಶಾಕ್ಸ್ ವಾಪಸ್ ಹಾಕು."

"ಏನಂದ್ರಿ?"

"ಮೊದಲಿನ ಹಾಗೆ ತೂಗಬೇಕು ಗಾಡಿ."

ಅತ್ತ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು. ಆಮೇಲೆ: "ಅತ್ತಿಗೆ, ಜನ ನನ್ನ ಹತ್ರ ವಾಲಾಟ ತೆಗಿಸಕ್ಕೆ ಬರ್ತಾರೆ. ಹಾಕಿಸ್ಕೊಳ್ಳಕ್ಕೆ ಬಂದೋರು ಪ್ರಪಂಚದಲ್ಲಿ ನೀವೊಬ್ರೇ. ಅವನ್ನ ನಿನ್ನೇನೇ ಗುಜರಿಗೆ ಹಾಕ್ಬಿಟ್ಟೆ."

"ಹುಡುಕಿ ತಗೊಂಡ್ಬಾ."

ಅತ್ತೆ ಫೋನಿನ ಹತ್ತಿರ ಬಾಯಿ ತಂದು ಸೇರಿಸಿದರು: "ತರೋವರೆಗೂ ಈ ಮನೇಲಿ ನಿಂಗೆ ಊಟ ಇಲ್ಲ."

ಅಕ್ಟೋಬರ್ 20, ಸೋಮವಾರ. ಸಂಜೆ

ಸಂಜೆಯ ಸುತ್ತು ಬಂದ್. ಹೋಗಿ ಏನು ಪ್ರಯೋಜನ? ಪುಟ್ಟಿ ಮಧ್ಯಾಹ್ನದಿಂದ ಎಚ್ಚರ. ಅಂಗಳವೆಲ್ಲ ತೆವಳಿದಳು, ಮೇಷ್ಟ್ರ ಕಾಂಪಾಸ್ ಡಬ್ಬಿ ಚೆಲ್ಲಿದಳು, ಸುಮ್ಮಸುಮ್ಮನೆ ಅತ್ತಳು. ಈಗ ಅನ್ನ ತಿನ್ನುತ್ತಿದ್ದವಳು ತುತ್ತು ಬಾಯಲ್ಲಿಟ್ಟುಕೊಂಡೇ ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಾಳೆ. ಬಾಯಿ ಒರೆಸಿ ಮಲಗಿಸಿದೆ. ಇನ್ನೇನು, ನಾವು ತಟ್ಟೆ ಹಾಕುವಾಗ ಏಳುತ್ತಾಳೆ. ಏಳುವವರೆಗೆ ನಾನೂ ಸ್ವಲ್ಪ ಹೀಗೇ ಒರಗಿ —

ಅಕ್ಟೋಬರ್ 24, ಶುಕ್ರವಾರ. ಮಧ್ಯಾಹ್ನ

ಬರೆಯಲಿಲ್ಲ. ಮಲಗಿದ್ದೆ.

ನಿಜ. ಸೋಮವಾರ ಒರಗಿದವಳು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ಬೆಳಗಾಗಿದೆ, ಮಗು ಎದ್ದೇ ಇಲ್ಲ! ಓಡಿದೆ. ಮೂಗಿನ ಬಳಿ ಬೆರಳು. ಉಸಿರಿದೆ. ಹಣೆ ತಣ್ಣಗಿದೆ. ಆದರೂ ಡಾಕ್ಟರಿಗೆ ಫೋನ್.

"ಏನು ತೊಂದ್ರೆ?"

"ಇಡೀ ರಾತ್ರಿ ಮಲಗಿದ್ದಾಳೆ ಡಾಕ್ಟ್ರೇ."

"ಸರಿ. ತೊಂದ್ರೆ ಏನು?"

"...ಅದೇ."

ಅವರು ನಕ್ಕಿದ್ದು ಪಕ್ಕದಲ್ಲಿದ್ದ ಅತ್ತೆಗೂ ಕೇಳಿಸಿತು. ಮಂಗಳವಾರವೂ ಹಾಗೇ. ಬುಧವಾರವೂ. ನಿನ್ನೆಯೂ. ಕುಳಿತು ಯೋಚಿಸಿದೆ — ನಿದ್ದೆಯಾದ ತಲೆ ಎಷ್ಟು ಚೆನ್ನಾಗಿ ಓಡುತ್ತದೆ! ಲ್ಯಾಬಿನಲ್ಲಿ ನೀರು ಕೆಟ್ಟರೆ ಮೊದಲು ಏನು ಬದಲಾಗಿದೆ ಅಂತ ನೋಡುತ್ತೇವೆ. ಇಲ್ಲಿ ಬದಲಾದದ್ದು ಒಂದೇ. ಸಂಜೆ ತೂಗಿ ಮಲಗಿಸುವ ಕೋಣ ಇಲ್ಲ. ಅಂದರೆ ಇಷ್ಟು ತಿಂಗಳು ನಾವೇ ಡೀಸೆಲ್ ಸುಟ್ಟು, ಸಂಜೆಯೇ ಅವಳ ನಿದ್ದೆಯನ್ನೆಲ್ಲ ಮುಗಿಸಿ, ರಾತ್ರಿ ನಮ್ಮ ಮೇಲೆ ಬಿಟ್ಟುಕೊಳ್ಳುತ್ತಿದ್ದೆವು.

ಮೇಷ್ಟ್ರಿಗೆ ಹೇಳಿದೆ. ಹಣೆ ಚಚ್ಚಿಕೊಂಡರು. ಅತ್ತೆ ಮಾತ್ರ ನಿರಾಳ: "ನಾನು ಅವತ್ತೇ ಅಂದ್ಕೊಂಡೆ."

"ಹೇಳ್ಬಾರದಿತ್ತಾ ಅತ್ತೆ?"

"ಹೇಳಿದ್ರೆ ಕೇಳ್ತಿದ್ಯಾ? ಡಾಕ್ಟರಿಗೆ ಫೋನ್ ಮಾಡ್ತಿದ್ದೆ."

ಅಕ್ಟೋಬರ್ 25, ಶನಿವಾರ

ಬೆಳಗ್ಗೆ ಪಿಸ್ಟನ್ ಬಂದ. ಮುಖ ಮೈ ಎಲ್ಲ ಕರಿ. ಎರಡು ಹೆಗಲ ಮೇಲೂ ತುಕ್ಕು ಹಿಡಿದ ಶಾಕ್ಸ್, ಯುದ್ಧ ಗೆದ್ದು ಬಂದವನ ಹಾಗೆ.

"ಮೂರು ಗುಜರಿ ಅಂಗಡಿ ಅತ್ತಿಗೆ! ಕಬ್ಬಿಣದ ಗುಡ್ಡೆ ಹತ್ತಿ ಇಳಿದು, ಒಂದೊಂದೂ ಮೂಸಿ ನೋಡಿ ತಂದಿದೀನಿ. ತಗೊಳ್ಳಿ ನಿಮ್ಮ ತೊಟ್ಟಿಲು. ಊಟ ಹಾಕ್ತೀರಾ?"

ನಾನು ನೆಲ ನೋಡಿದೆ. ಮೇಷ್ಟ್ರು ಪೇಪರಿನ ಹಿಂದೆ ಅವಿತರು. ಪುಕ್ಕಲು ಗಂಡಸು.

"ಅದು... ಈಗ ಬೇಡ," ಎಂದೆ. "ಹೊಸದೇ ಚೆನ್ನಾಗಿದೆ."

ಹೆಗಲಿಂದ ಒಂದು ಜಾರಿ ಧಡ್ ಎಂದು ಬಿತ್ತು. "ಅತ್ತಿಗೇ!"

ಸಮಾಧಾನ ಮಾಡಲು ಹೊಟ್ಟೆ ತುಂಬ ಊಟ, ಮೇಲೆ ಎರಡು ಸಲ ಪಾಯಸ. ಅದರಲ್ಲೊಂದು ಶಾಕ್ ಈಗ ಹಿತ್ತಲ ಬಾಗಿಲಿಗೆ ಒತ್ತು. ಗಾಳಿಗೆ ಇನ್ನು ಬಡಿದುಕೊಳ್ಳುವುದಿಲ್ಲ. ಇಷ್ಟು ವರ್ಷದಲ್ಲಿ ಆ ಶಾಕ್ ಮಾಡಿದ ಮೊದಲ ಒಳ್ಳೆಯ ಕೆಲಸವಂತೆ ಅದು — ಅತ್ತೆಯ ಸರ್ಟಿಫಿಕೇಟ್.

ಅಕ್ಟೋಬರ್ 30, ಗುರುವಾರ

ಓಡಿಸಿದೆ.

ಪಿಸ್ಟನ್ ಪಕ್ಕದಲ್ಲಿ, ಪುಟ್ಟಿ ಹಿಂದೆ. ಇಳಿಯುವಾಗ ಎರಡನೇ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ. ನಾಲ್ಕೈದು ತಿರುವು ಕಳೆದ ಮೇಲೆ ಒಂದು ತಿಳಿಯಿತು: ನಾನು ತಿರುಗಿಸಿದಷ್ಟೇ ತಿರುಗುತ್ತದೆ, ತನ್ನದೊಂದು ಸೇರಿಸುವುದಿಲ್ಲ. ಹಿಂದಿನಿಂದ ಏನೋ ಸದ್ದು. ಅಳುತ್ತಿದ್ದಾಳೆ ಅಂತ ಬ್ರೇಕ್ ಒತ್ತಿದೆ.

"ಅಳ್ತಿಲ್ಲ," ಎಂದ ಪಿಸ್ಟನ್ ಹಿಂದಕ್ಕೆ ತಿರುಗಿ. "ನಗ್ತಿದಾಳೆ. ನೋಡಿ ಬೇಕಾದ್ರೆ, ಏರಲ್ಲಿ ಒತ್ತಿ."

ಒತ್ತಿದೆ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸುಂಯ್ ಎಂದಿತು. ಹಿಂದೆ ಕೇಕೆ. ಬಿಟ್ಟೆ, ಕೇಕೆ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಕೇಕೆ. ಚಿಕ್ಕಪ್ಪನಿಗೆ ತಕ್ಕ ಮಗಳು!

ಆದರೆ ಬರುವಾಗ ಲಾರಿ ಸಿಕ್ಕಿತು. ಅದರ ಹಿಂದೆಯೇ ಬಂದೆ. ಗುಡ್ಡ ಮುಗಿಯುವವರೆಗೂ. ನೇರ ರಸ್ತೆ ಸಿಕ್ಕಿತು, ಎದುರಿಗೆ ಯಾರೂ ಇರಲಿಲ್ಲ, ಕಾಲು ಮಾತ್ರ ಒತ್ತಲೊಲ್ಲದು.

"ಅತ್ತಿಗೆ, ಇಷ್ಟೆಲ್ಲ ಪವರ್ ಹಾಕಿ ಕೊಟ್ಟಿದ್ದು ಲಾರಿ ಹಿಂದೆ ಬರೆದಿರೋದು ಓದಕ್ಕಾ?"

"ಹಾರ್ನ್ ಮಾಡಿ ಅಂತ ಬರೆದಿದೆ."

"ಅದನ್ನಾದ್ರೂ ಮಾಡಿ!"

ನಕ್ಕೆವು. ಆದರೆ ಸೋಮವಾರ ಪಿಸ್ಟನ್ ಇರುವುದಿಲ್ಲ. ನಾನು, ಪುಟ್ಟಿ, ಕೋಣ. ಅಷ್ಟೇ.

ನವೆಂಬರ್ 3, ಸೋಮವಾರ. ಸಂಜೆ ಏಳೂವರೆ

ಊಟಕ್ಕೆ ಮೊದಲು ಬರೆದುಬಿಡಬೇಕು. ಕಣ್ಣು ಎಳೆಯುತ್ತಿದೆ.

ಬೆಳಗ್ಗೆ ಡೇಕೇರಿನಲ್ಲಿ ಬಿಟ್ಟು ಬರುವಾಗ ಅತ್ತವಳು ನಾನೊಬ್ಬಳೇ. ಲ್ಯಾಬಿನಲ್ಲಿ ನನ್ನ ಕೋಟು ಅದೇ ಗೂಟದಲ್ಲಿತ್ತು. ಗುಂಡಿ ಹಾಕಲು ಸ್ವಲ್ಪ ಕಷ್ಟ. ಮಧ್ಯಾಹ್ನದೊಳಗೆ ಕೈ ತಾನಾಗಿಯೇ ಪಿಪೆಟ್ ಹಿಡಿಯಿತು.

ಬರುವಾಗ ಅದೇ ಏರು. ಲಾರಿ ಇರದಿರಲಿ ಅಂತ ಬೇಡಿಕೊಂಡಿದ್ದೆ. ಇತ್ತು. ಇಟ್ಟಿಗೆ ತುಂಬಿದ್ದು, ತೆವಳುತ್ತಿತ್ತು. ಹಿಂದೆ ಹಿಂದೆಯೇ ಬಂದೆ. ರಸ್ತೆ ನೇರವಾಯಿತು. ಎದುರಿಗೆ ತುದಿಯವರೆಗೂ ಖಾಲಿ. ಲಾರಿ ಡ್ರೈವರ್ ಕೈ ಹೊರಗೆ ಹಾಕಿ, ಹೋಗಮ್ಮ ಅಂತ ಬೀಸಿದ. ಕನ್ನಡಿಯಲ್ಲಿ ನೋಡಿದೆ. ಪುಟ್ಟಿ ನನ್ನನ್ನೇ ನೋಡುತ್ತಿದ್ದಳು, ಬಾಯಿ ಅರ್ಧ ತೆರೆದು, ನಗಲು ತಯಾರಾಗಿ. ಯಾವಾಗ ಒತ್ತುತ್ತೀಯ ಅನ್ನುವ ಹಾಗೆ.

ಒತ್ತಿದೆ.

ಕೋಣ ಒಂದೇ ಉಸಿರಿಗೆ ಹೋಯಿತು. ಲಾರಿಯ ಪಕ್ಕ ಬಂದದ್ದೂ ದಾಟಿದ್ದೂ ಒಟ್ಟಿಗೇ. ನನ್ನ ಲೇನಿಗೆ ಬಂದೆ, ವಾಲಲಿಲ್ಲ. ಆಮೇಲೂ ರಸ್ತೆ ಎಷ್ಟೊಂದು ಉಳಿದಿತ್ತು! ಹಿಂದೆ ಕೇಕೆ. ಮುಂದೆಯೂ ಕೇಕೆ — ಅದು ನಂದು. ಮನೆ ಬರುವವರೆಗೂ ಇಬ್ಬರೂ ನಿಲ್ಲಿಸಲಿಲ್ಲ.

ಪಿಸ್ಟನ್‌ಗೆ ಫೋನ್ ಮಾಡಿ ಹೇಳಿದೆ. "ಯಾವ ಗೇರಲ್ಲಿ?" ಅಂತ ಕೇಳಿದ. ಗೇರ್ ಯಾರು ನೋಡಿದರು.

ಪುಟ್ಟಿ ಬಂದವಳೇ ಉಂಡು ಮಲಗಿದಳು. ಒಳಗಿನಿಂದ ಸದ್ದೇ ಇಲ್ಲ. ಬಹಳ ಹೊತ್ತಾಯಿತು. ಇವತ್ತು ಇನ್ನೂ ಒಂದು ಸಲವೂ ಬೆರಳಿಟ್ಟು ನೋಡಿಲ್ಲ. ನೋಡಬೇಕು. ಅತ್ತೆ ತಟ್ಟೆ ಇಡುತ್ತಿದ್ದಾರೆ, ಕರೆಯುವ ಮೊದಲು ಒಂದು ಸಲ... ಈ ಸಾಲು ಮುಗಿಸಿ, ಎದ್ದು ಹೋಗಿ ನೋಡಿಬರ —