ಸೋಲಿನ ಸರದಾರನಿಗೆ ಹೊದಿಸಿದ ಶಾಲು

ಮೆಟುಚೆನ್, ನ್ಯೂಜರ್ಸಿ
೧೦ ಮೇ ೧೯೯೨, ಭಾನುವಾರ

ಪ್ರೀತಿಯ ಮುರುಗೆಪ್ಪನವರೇ,

ನಿಮ್ಮ ಮನೆ ಕೆಂಡಲ್ ಪಾರ್ಕಿನಲ್ಲಿ, ನನ್ನದು ಇಲ್ಲಿ. ರೂಟ್ ಒಂದರಲ್ಲಿ ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆಯೂ ಬೇಡದ ದಾರಿ. ಇಷ್ಟು ಹತ್ತಿರದವರಿಗೆ ಸ್ಟ್ಯಾಂಪು ಅಂಟಿಸಿ ಕಾಗದ ಹಾಕುತ್ತಿರುವುದನ್ನು ನೋಡಿ ಸುಧಾಮಣಿ ಬೆಳಗಿನಿಂದ ಬೈಯುತ್ತಿದ್ದಾಳೆ. "ನಾಚಿಕೆ ಆಗಲ್ವಾ ನಿಮ್ಗೆ? ಡ್ರೈವ್ ಮಾಡ್ಕೊಂಡು ಹೋಗಿ, ಕಾಲು ಹಿಡ್ಕೊಂಡು ಬನ್ನಿ" ಎನ್ನುತ್ತಾಳೆ. ಹೆಂಡತಿ ಹೇಳುವುದು ಸರಿಯೇ. ಆದರೆ ಎರಡು ಸಲ ನಿಮ್ಮ ಬೀದಿಯವರೆಗೂ ಬಂದು, ಗ್ಯಾರೇಜಿನ ಮುಂದೆ ನಿಮ್ಮ ಕಾರು ನಿಂತಿದ್ದನ್ನು ಕಂಡು, ಹಾಗೇ ತಿರುಗಿಸಿಕೊಂಡು ವಾಪಸ್ಸು ಬಂದಿದ್ದೇನೆ. ನಿಮ್ಮ ಮುಖ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಫುಟ್‌ಬಾಲ್ ಸ್ಟೇಡಿಯಮ್ಮಿನಿಂದ, ವರ್ಷದ ಎಲ್ಲ ಆಟಕ್ಕೂ ಆಗುವ ಸೀಸನ್ ಟಿಕೆಟ್ಟಿನ ಫಾರ್ಮು ಬಂದಿದೆ. ಜೂನ್ ಒಂದರೊಳಗೆ ತುಂಬಿ ಕಳಿಸದಿದ್ದರೆ ನಮ್ಮ ಎರಡು ಸೀಟು ಬೇರೆಯವರ ಪಾಲಾಗುತ್ತವೆ. "ಈ ಟೀಮಿನ ಸೀಟಿಗೆ ಯಾವ ಪುಣ್ಯಾತ್ಮ ಬಂದು ಮುಗಿಬೀಳ್ತಾನ್ಪಾ" ಎಂದು ನೀವು ನಗಬಹುದು. ನಿಜ. ಆದರೂ ಎಷ್ಟು ಸೀಟು ಎಂದು ಬರೆಯಬೇಕಾದ ಆ ಪುಟ್ಟ ಚೌಕದ ಮುಂದೆ ಪೆನ್ನು ಹಿಡಿದು ಮೂರು ವಾರದಿಂದ ಕೂತಿದ್ದೇನೆ. ಎರಡೋ, ಒಂದೋ? ಅದನ್ನು ಕೇಳಲಿಕ್ಕೇ ಈ ಕಾಗದ.

ಮೊದಲಿಗೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕನ್ನಡ ಸಂಘದವರೆಲ್ಲ ಈ ಅಮೆರಿಕನ್ ಫುಟ್‌ಬಾಲಿನ ಹುಚ್ಚು ನಿಮ್ಮದು, ನಾನು ಪಾಪ ನಿಮ್ಮ ದಾಕ್ಷಿಣ್ಯಕ್ಕೆ ಜೊತೆಗೆ ಬರುವವನು ಎಂದುಕೊಂಡಿದ್ದಾರೆ. ಹಾಗೆ ಅಂದುಕೊಳ್ಳಲಿ ಎಂದು ನಾನೇ ಬಿಟ್ಟಿದ್ದೆ. ಈ ಟೀಮು ಯಾವ ಕಾಲೇಜಿನದೋ ಆ ಕಾಲೇಜಿನಲ್ಲಿ ಎಂ.ಎಸ್. ಓದಿದವನು ನಾನು. ೧೯೮೪ರ ಸೆಪ್ಟೆಂಬರಿನಲ್ಲಿ ಮೊದಲ ಸಲ ನಿಮ್ಮನ್ನು ಬಲವಂತವಾಗಿ ಎಳೆದುಕೊಂಡು ಹೋದವನೂ ನಾನೇ. ನಿಮಗೆ ಆ ಕಾಲೇಜಿನ ಗೇಟೂ ಗೊತ್ತಿರಲಿಲ್ಲ. ಆಟ ಶುರುವಾಗಿ ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದಿರಿ. "ಏ ಚೆಲುವಾ, ಇದು ನಮ್ಮೂರ ಕಬಡ್ಡಿನ ಐತಲ್ಲೋ. ಹೆಲ್ಮೆಟ್ ಒಂದು ಜಾಸ್ತಿ ಹಾಕ್ಕೊಂಡಾರ" ಎಂದಿರಿ. ಆ ದಿನ ನಾವು ಮೂವತ್ತೊಂದು ಪಾಯಿಂಟಿನಿಂದ ಸೋತೆವು. ಹೊರಗೆ ಬರುವಾಗ ನಾನು ಸಂಕೋಚಪಟ್ಟುಕೊಂಡು ಕ್ಷಮೆ ಕೇಳಿದರೆ, ನೀವು ಮುಂದಿನ ಶನಿವಾರದ ಆಟ ಎಷ್ಟು ಗಂಟೆಗೆ ಎಂದು ವಿಚಾರಿಸಿದಿರಿ. "ಈ ಹುಡುಗೂರು ಒಂದರೆ ಗೆಲ್ಲೂತನ ಬಿಟ್ಟು ಹ್ಯಾಂಗ್ ಹೋಗೂದೋ?" ಎಂದಿರಿ.

ಆ ಒಂದು ಗೆಲುವು ನೋಡಲು ಎರಡು ವರ್ಷ ಹಿಡಿಯಿತು. ಗೆದ್ದ ಮೇಲಾದರೂ ಬಿಡಬೇಕಿತ್ತಲ್ಲ, ಬಿಡಲಿಲ್ಲ. ಒಂದು ವರ್ಷ ಹನ್ನೊಂದರಲ್ಲಿ ಎರಡು, ಇನ್ನೊಂದು ವರ್ಷ ಒಂದು, ಮತ್ತೊಂದು ವರ್ಷ ಅದೂ ಇಲ್ಲ. ಅರ್ಧ ಆಟ ಮುಗಿಯುವ ಹೊತ್ತಿಗೆ ಜನ ಬೈಯುತ್ತಾ ಎದ್ದು ಪಾರ್ಕಿಂಗ್ ಲಾಟಿನ ಕಡೆ ನಡೆಯುತ್ತಿದ್ದರು. ನಾನೂ ಎಷ್ಟೋ ಸಲ ಕೋಟಿನ ಗುಂಡಿ ಹಾಕಿಕೊಂಡು ಎದ್ದಿದ್ದೇನೆ. ನೀವು ತೋಳು ಹಿಡಿದು ಕೂರಿಸುತ್ತಿದ್ದಿರಿ. "ಪಂಕ್ತ್ಯಾಗ ಕೂತ ಮ್ಯಾಲೆ ನಡುವ ಎದ್ದು ಹೋಗೂದು ಮರ್ಯಾದಿ ಅಲ್ಲಪಾ. ಬಡಿಸಿದ್ದು ಹ್ಯಾಂಗರೆ ಇರಲಿ, ಮಜ್ಜಿಗಿ ಬರೂತನ ಕೂಡು." ನಿಮ್ಮ ಮನೆಯವರು ಶೈಲಕ್ಕ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ, ಸುಧಾಮಣಿಯ ಪುಳಿಯೋಗರೆ ಎಲ್ಲವೂ ಖಾಲಿಯಾಗಿ, ಫ್ಲಾಸ್ಕಿನ ಕಾಫಿ ತಳ ಕಂಡು, ಅಲ್ಯೂಮಿನಿಯಂ ಬೆಂಚು ಪ್ಯಾಂಟಿನೊಳಗೆ ಮಂಜುಗಡ್ಡೆ ಇಟ್ಟಂತೆ ಕೊರೆಯುತ್ತಿದ್ದರೂ ನಾವು ಇಬ್ಬರು ಕೊನೆಯ ಸೀಟಿಯವರೆಗೂ ಇರುತ್ತಿದ್ದೆವು. ನಮ್ಮ ಹಿಂದಿನ ಸಾಲಿನ ಆ ಬಿಳಿಕೂದಲಿನ ಅಮೆರಿಕನ್ ಹೆಂಗಸೂ ಇರುತ್ತಿದ್ದಳು, ಗಂಡ ತೀರಿಕೊಂಡ ಮೇಲೂ ಅವನ ಸೀಟು ಬಿಡದವಳು.

ಈಗ ೮೭ರ ಆಟಕ್ಕೆ ಬರುತ್ತೇನೆ. ಬರೆಯಲೇಬೇಕು.

ವಾರದ ನಡುವೆ ಬಂದಿದ್ದ ಆಯುಧಪೂಜೆಯನ್ನು ಎಲ್ಲ ಹಬ್ಬದಂತೆ ನಾವು ಶನಿವಾರಕ್ಕೆ ತಳ್ಳಿದ್ದೆವು. ಶನಿವಾರ ಆಟ. ನೀವು ಬಿಡುವವರೇ? ನಿಂಬೆಹಣ್ಣು, ಕುಂಕುಮ, ಚೆಂಡುಹೂವು ಎಲ್ಲ ಕಟ್ಟಿಕೊಂಡು ಬಂದು ಸ್ಟೇಡಿಯಮ್ಮಿನ ಪಾರ್ಕಿಂಗ್ ಲಾಟಿನಲ್ಲೇ ನನ್ನ ಹಳೆಯ ಬ್ಯೂಕ್ ಕಾರಿಗೆ ಪೂಜೆ ಮಾಡಿದಿರಿ. ಪಕ್ಕದಲ್ಲಿ ಆಟಕ್ಕೆ ಮುಂಚಿನ ಊಟಕ್ಕೆಂದು ಮಾಂಸ ಸುಡುತ್ತಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕಾವಲಿನವನು ಬಂದು ಇದೇನು ಎಂದು ಕೇಳಿದಾಗ, "ಇನ್ಶೂರೆನ್ಸ್, ಸರ್" ಎಂದು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದಿರಿ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣಿಟ್ಟು ಗಾಡಿ ಮುಂದೆ ಬಿಡಿಸಿ, ಐದನೆಯದನ್ನು ಟೀಮಿಗೆ ಎಂದು ಜೇಬಿಗೆ ಹಾಕಿಕೊಂಡಿರಿ.

ಆ ದಿನ ನಿಜಕ್ಕೂ ಆಡಿದರು ನಮ್ಮ ಹುಡುಗರು! ಒಂದು ನಿಮಿಷ ಉಳಿದಿತ್ತು, ಎರಡು ಪಾಯಿಂಟ್ ಮುಂದಿದ್ದೆವು, ಚೆಂಡು ನಮ್ಮ ಕೈಯಲ್ಲೇ ಇತ್ತು. ಅದನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಬಿದ್ದರೆ ಸಾಕಿತ್ತು. ಅಷ್ಟೇ ಕೆಲಸ. ಅದನ್ನೂ ಕೈಬಿಟ್ಟರು. ಎದುರಿನವರು ಹೆಕ್ಕಿಕೊಂಡು, ಎರಡು ಕಂಬದ ನಡುವೆ ಒದ್ದು, ಮೂರು ಪಾಯಿಂಟ್ ತೆಗೆದುಕೊಂಡು, ಒಂದೇ ಒಂದರಿಂದ ಗೆದ್ದು ಹೋದರು. ಬೆಂಚಿನ ಮೇಲೆ ಕೂತು ನಾನು ಅತ್ತೆ. ಮೂವತ್ತೆಂಟು ವರ್ಷದ ಗಂಡಸು, ಎರಡು ಮಕ್ಕಳ ಅಪ್ಪ, ಮೂಗು ಸೋರಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ನೀವು ಎದ್ದಿರಿ. ಹೋಗುವವರಿಗೆ ನಾನು ಕಾಣದಂತೆ ಅಡ್ಡ ನಿಂತಿರಿ. ಮನೆಗೆ ಬಂದಾಗ ನನ್ನ ಕೆಂಪು ಕಣ್ಣು ನೋಡಿ ಸುಧಾಮಣಿ ಗಾಬರಿಯಾದರೆ, "ಏನಿಲ್ಲವಾ, ಮೆಣಸಿನಕಾಯಿ ಭಜಿ ತಿಂದ ಕೈಲೇ ಕಣ್ಣು ಒರಸಿಕೊಂಡಾನ" ಎಂದಿರಿ. ಇವತ್ತಿನವರೆಗೂ ಆ ಗುಟ್ಟು ನಿಮ್ಮ ಬಾಯಿಂದ ಹೊರಬಿದ್ದಿಲ್ಲ.

ನಾನು ಮಾಡಿದ್ದೇನು? ಕಳೆದ ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವಕ್ಕೆ ಹಾಸ್ಯ ನಾಟಕ ಬರೆದುಕೊಡಿ ಎಂದರು. ಪರಿಚಯದವರನ್ನು ಅಣಕಿಸುವುದು ನಮ್ಮಲ್ಲಿ ವಾಡಿಕೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ನಾನು ನಿಮ್ಮನ್ನು ಆರಿಸಿಕೊಂಡೆ. ಉಲ್ಲನ್ ಟೋಪಿ, ಮಫ್ಲರು, ಕೈಯಲ್ಲಿ ಟಿಫನ್ ಕ್ಯಾರಿಯರ್. ನಿಮ್ಮ ಹಾಗೆಯೇ ಮಾತಾಡಿದೆ. ಜನ ನಗುತ್ತಿದ್ದಂತೆ ನನಗೆ ಹುಮ್ಮಸ್ಸು ಬಂತು. ಬರೆದುಕೊಂಡಿದ್ದು ಮುಗಿದರೂ ಬಾಯಿ ನಿಲ್ಲಲಿಲ್ಲ. ಟೀಮು ಚೆಂಡು ಕೈಬಿಟ್ಟಿತು ಎಂದು ಹೇಳಿ, ನೆಲಕ್ಕೆ ಕೂತು ಮಫ್ಲರಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಗೋಳೋ ಎಂದು ಅತ್ತೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅತ್ತವನು ನಾನು ಮುರುಗೆಪ್ಪನವರೇ, ವೇದಿಕೆಯ ಮೇಲೆ ಅಳಿಸಿದ್ದು ನಿಮ್ಮನ್ನು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸಂಘದಲ್ಲಿ ಪ್ರತಿ ವರ್ಷ ಹಿರಿಯರಿಗೆ ಸನ್ಮಾನ ಇರುತ್ತದಲ್ಲ, ಆ ಶಾಲು, ಹಣ್ಣಿನ ಬುಟ್ಟಿ ಪಕ್ಕದ ಮೇಜಿನ ಮೇಲೆ ಸಿದ್ಧವಾಗಿತ್ತು. ಒಂದು ಶಾಲು ತೆಗೆದುಕೊಂಡು ಮೂರನೆಯ ಸಾಲಿನಲ್ಲಿದ್ದ ನಿಮ್ಮನ್ನು ಮೇಲಕ್ಕೆ ಕರೆದೆ. "ಈ ದಿನ ಶ್ರೀಯುತರಿಗೆ ಸೋಲಿನ ಸರದಾರ ಎಂಬ ಬಿರುದು ಕೊಟ್ಟು ಗೌರವಿಸುತ್ತಿದ್ದೇವೆ. ಸೋಲೋರನ್ನ ಕಂಡ್ರೆ ಇವ್ರಿಗೆ ಬಲು ಪ್ರೀತಿ" ಎಂದು ಮೈಕಿನಲ್ಲಿ ಕೂಗಿ ಶಾಲು ಹೊದಿಸಿದೆ. ನೀವು ಬಂದಿರಿ. ತಲೆ ಬಗ್ಗಿಸಿದಿರಿ. ಎಲ್ಲರಿಗೂ ಕೈಮುಗಿದು, ಎಡವದೆ ಮೆಟ್ಟಿಲಿಳಿದು ಹೋದಿರಿ. ಶೈಲಕ್ಕ ಒಬ್ಬರೇ ಸಭೆಯಲ್ಲಿ ನಗದೆ ಕೂತಿದ್ದರು. ಅದನ್ನು ನಾನು ನೋಡಿದೆ, ಆದರೂ ನನಗೆ ಬುದ್ಧಿ ಬರಲಿಲ್ಲ. ಆಮೇಲೆ ಊಟದ ಹಾಲಿನಲ್ಲಿ ನಿಮ್ಮನ್ನು ಹುಡುಕಿದರೆ ನೀವಿರಲಿಲ್ಲ. ಶಾಲು ನಾಲ್ಕು ಮಡಿಕೆಯಾಗಿ ಕುರ್ಚಿಯ ಮೇಲಿತ್ತು. ಎಂದೂ ನಡುವೆ ಏಳದವರು ಅಂದು ಊಟಕ್ಕೆ ಕೂರದೆಯೇ ಹೋಗಿದ್ದಿರಿ.

ಮುಂದಿನ ಶನಿವಾರ ಕೊನೆಯ ಹೋಮ್ ಗೇಮ್, ನಮ್ಮ ಮೈದಾನದಲ್ಲಿ ಆ ವರ್ಷದ ಕಡೆಯ ಆಟ. ನೀವು ಬರಲಿಲ್ಲ. ಜ್ವರ ಇರಬೇಕು ಎಂದುಕೊಂಡೆ. ನನ್ನ ಮಂದಬುದ್ಧಿಗೆ ಏನನ್ನೋಣ! ಡಿಸೆಂಬರಿನಲ್ಲಿ ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ಸುಧಾಮಣಿಗೆ ಶೈಲಕ್ಕ ಸಿಕ್ಕಿದ್ದರಂತೆ. ಮೆಂತ್ಯದ ಸೊಪ್ಪು ಆರಿಸುತ್ತಾ ಮೆಲ್ಲಗೆ ಹೇಳಿದರಂತೆ: "ಅವರಿಗೆ ಅಕ್ಟೋಬರದಾಗ ಲೇಆಫ್ ಆತ್ರೀ. ಹದಿನಾಲ್ಕು ವರ್ಷದ ಕೆಲಸ. ಯಾರ ಮುಂದೂ ಹೇಳಬ್ಯಾಡ ಅಂದಾರ. ದಿನಾ ಟೈ ಕಟ್ಟಿಕೊಂಡು ಲೈಬ್ರರಿಗೆ ಹೋಗಿ ಕೂಡ್ತಾರ." ಮನೆಗೆ ಬಂದು ಸುಧಾಮಣಿ ನನ್ನ ಮುಂದೆ ಇದನ್ನು ಹೇಳಿದಾಗ ನಾನು ಬೆರಳು ಮಡಿಸಿ ವಾರ ಲೆಕ್ಕ ಹಾಕಿದೆ. ಮೂರು ವಾರದ ಹಿಂದೆ ಕೆಲಸ ಕಳೆದುಕೊಂಡವರನ್ನು ಇನ್ನೂರು ಜನರ ಮುಂದೆ ನಿಲ್ಲಿಸಿ ನಾನು ಸೋಲಿನ ಸರದಾರ ಎಂದಿದ್ದೆ. ನೀವು ಅದಕ್ಕೂ ಕೈಮುಗಿದಿದ್ದಿರಿ.

ಫೋನು ಮಾಡಿದೆ. ವಿಜಿ ಎತ್ತಿಕೊಂಡು, "ಡ್ಯಾಡ್ ಇಸ್ ನಾಟ್ ಹೋಮ್, ಅಂಕಲ್" ಎಂದಳು. ಹಿಂದೆ ನಿಮ್ಮ ಕೆಮ್ಮು ಕೇಳುತ್ತಿತ್ತು. ಪಾಪ, ಆ ಹುಡುಗಿಯಿಂದ ಸುಳ್ಳು ಹೇಳಿಸುವಂತೆ ಮಾಡಿದೆನಲ್ಲ ಎಂದು ಮತ್ತೆ ಮಾಡಲಿಲ್ಲ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ನ್ಯೂಅರ್ಕ್ ಸ್ಟೇಷನ್ನಿನಲ್ಲಿ ನಿಮ್ಮನ್ನು ಕಂಡೆ. ಜರ್ಸಿ ಸಿಟಿಯಲ್ಲಿ ಕೆಲಸ ಸಿಕ್ಕಿದೆ ಎಂದು ಆಗಲೇ ಕೇಳಿದ್ದೆ, ಬಹಳ ಸಂತೋಷಪಟ್ಟಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಪೇಪರಿನ ಕೊನೆಯ ಪುಟ ಓದುತ್ತಿದ್ದಿರಿ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗರ ಪಟ್ಟಿ ಆ ದಿನ ಅಲ್ಲಿ ಬಂದಿತ್ತು. ನಾನೂ ರೈಲಿನಲ್ಲಿ ಅದನ್ನೇ ಓದಿದ್ದೆ. ಹತ್ತು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ಕಂಬದ ಹಿಂದೆ ಸರಿದು ನಿಂತೆ, ನಿಮ್ಮ ರೈಲು ಹೋಗುವವರೆಗೂ.

ನೀವು ಬಾರದ ಯುಗಾದಿ ಕಾರ್ಯಕ್ರಮದಲ್ಲಿ ಎರಡು ನಿಮಿಷ ಮೈಕು ಕೇಳಿ ತೆಗೆದುಕೊಂಡೆ. ಹೋದ ಸಲ ನಾಟಕದಲ್ಲಿ ಅತ್ತವರು ಮುರುಗೆಪ್ಪನವರಲ್ಲ, ನಿಜವಾಗಿ ಅತ್ತವನು ನಾನು, ನನ್ನ ಅವಮಾನವನ್ನು ಅವರ ತಲೆಗೆ ಕಟ್ಟಿದ್ದೇನೆ, ತಪ್ಪಾಯಿತು ಎಂದೆ. ಏನಾಯಿತು ಗೊತ್ತೇ? ಜನ ಅದನ್ನೂ ಹಾಸ್ಯ ಎಂದುಕೊಂಡು ಚಪ್ಪಾಳೆ ಹೊಡೆದರು. ಹಿಂದಿನಿಂದ ಯಾರೋ "ಒನ್ಸ್ ಮೋರ್" ಎಂದರು. ನನಗೆ ತಕ್ಕದ್ದೇ ಆಯಿತು.

ಕೊನೆಗೆ ಏಪ್ರಿಲ್ ತಿಂಗಳ ಆ ಪ್ರಾಕ್ಟೀಸ್ ಆಟಕ್ಕೆ ಒಬ್ಬನೇ ಹೋದೆ. ನಮ್ಮವರೇ ಎರಡು ಪಾಲಾಗಿ ಆಡುವ ಆಟ. ನಮ್ಮ ಟೀಮು ಖಂಡಿತ ಗೆಲ್ಲುವುದು ಅದೊಂದರಲ್ಲೇ ತಾನೇ. ಹಿಂದಿನ ಸಾಲಿನಿಂದ ಆ ಬಿಳಿಕೂದಲಿನ ಹೆಂಗಸು ಬಗ್ಗಿ ನನ್ನ ಭುಜ ಮುಟ್ಟಿ, ನಿಮ್ಮ ಅಣ್ಣ ಎಲ್ಲಿ ಎಂದು ಕೇಳಿದಳು. ಎಂಟು ವರ್ಷದಿಂದ ಆಕೆ ನಮ್ಮನ್ನು ಅಣ್ಣತಮ್ಮಂದಿರು ಎಂದೇ ತಿಳಿದಿದ್ದಾಳೆ. ನಾನು ತಿದ್ದಲಿಲ್ಲ. ಅಣ್ಣನ ಮನಸ್ಸು ನೋಯಿಸಿದ್ದೇನೆ, ಇನ್ನು ಬರುವುದಿಲ್ಲವೇನೋ ಎಂದೆ. ಆಕೆ ಮೈದಾನದ ಕಡೆ ಗಲ್ಲ ಎತ್ತಿ ತೋರಿಸಿ, ಈ ಹುಡುಗರನ್ನೇ ಪ್ರತಿ ವರ್ಷ ಕ್ಷಮಿಸಿದ ಮನುಷ್ಯ ತಮ್ಮನನ್ನು ಕ್ಷಮಿಸದೆ ಇರುತ್ತಾನೆಯೇ, ಹೋಗಿ ಕೇಳು ಎಂದಳು.

ಆಕೆಗಿರುವಷ್ಟು ನಂಬಿಕೆ ನನಗಿಲ್ಲ. ಆ ಹುಡುಗರು ಕೈಲಾಗದೆ ಸೋತರು, ನಾನು ಕೈಯಾರೆ ಮಾಡಿದೆ. ಅವರು ಯಾರೂ ನಿಮ್ಮನ್ನು ವೇದಿಕೆಗೆ ಕರೆದು ನಗೆಪಾಟಲು ಮಾಡಲಿಲ್ಲ. ಆದರೂ ಆಕೆ ಕೇಳು ಎಂದದ್ದರಿಂದ ಕೇಳುತ್ತಿದ್ದೇನೆ. ನನ್ನನ್ನು ಕ್ಷಮಿಸಿ. ಆ ಚೌಕದಲ್ಲಿ ಎರಡು ಎಂದು ಬರೆದು ಫಾರ್ಮನ್ನು ಈ ಕಾಗದದ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. ನಿಮ್ಮನ್ನು ಕೇಳಲೆಂದು ಬರೆಯಲು ಕೂತವನು ಕೇಳದೆಯೇ ಬರೆದುಬಿಟ್ಟೆ, ಅದಕ್ಕೂ ಬೇಕಾದರೆ ಬೈಯಿರಿ. ನೀವು ಬಂದರೆ ಮಾತಾಡಬೇಕೆಂದೇನೂ ಇಲ್ಲ. ಬೈಯುವುದಕ್ಕೆ ಎದುರಿಗೆ ಹನ್ನೊಂದು ಜನ ಇದ್ದೇ ಇರುತ್ತಾರೆ. ನೀವು ಬರದಿದ್ದರೆ ಆ ಸೀಟಿನ ಮೇಲೆ ನಾನು ಕೋಟು ಕೂಡ ಇಡುವುದಿಲ್ಲ.

ಶೈಲಕ್ಕನಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಸಿಟ್ಟು ನಿಮ್ಮದಕ್ಕಿಂತ ದೊಡ್ಡದೆಂದು ನನಗೆ ಗೊತ್ತು. ವಿಜಿ ಚೆನ್ನಾಗಿ ಓದಲಿ, ಗೆಲ್ಲುವ ಟೀಮಿರುವ ಕಾಲೇಜಿಗೆ ಸೇರಲಿ ಎಂದು ಹರಸುತ್ತೇನೆ. ಹೊಸ ಕೆಲಸ ನಿಮ್ಮ ಕೈ ಹಿಡಿಯಲಿ.

ಆ ಹೆಂಗಸಿನ ಮುಂದೆ ನಿಮ್ಮ ತಮ್ಮನೆಂದು ಹೇಳಿಕೊಂಡು, ಅದು ಸುಳ್ಳಾಗದಿರಲಿ ಎಂದು ಕಾಯುತ್ತಿರುವ
ಚೆಲುವರಾಜು